ಕುತ್ತಿಗೆಯ ಗಡ್ಡೆ ಯಾವ ನರದ್ದು ಅಂತ ಸ್ಕ್ಯಾನಿನಲ್ಲಿ ಗೊತ್ತಾಗುತ್ತದಾ?

ಪ್ರಶ್ನೆ: ಡಾಕ್ಟ್ರೇ, ನಾವು ಕಾಪುವಿನವರು. ಅಮ್ಮನಿಗೆ 54 ವರ್ಷ. ಎಡಗಡೆ ದವಡೆಯ ಕೆಳಗೆ ನಾಲ್ಕು ವರ್ಷದಿಂದ ಒಂದು ಗಡ್ಡೆ ಇದೆ. ನೋವಿಲ್ಲ, ಆದರೆ ಒತ್ತಿದರೆ ಒಣ ಕೆಮ್ಮು ಬರುತ್ತದೆ. ಸೂಜಿ ಹಾಕಿ ನೋಡಿದರು, ಏನೂ ತಿಳಿಯಲಿಲ್ಲ. ಎಂಆರ್‌ಐ ರಿಪೋರ್ಟಿನಲ್ಲಿ ‘ನರದ ಗಡ್ಡೆ ಇರಬಹುದು, ವೇಗಸ್ ಅಥವಾ ಸಿಂಪಥೆಟಿಕ್, ಕೆರೊಟಿಡ್ ಬಾಡಿ ಟ್ಯೂಮರ್ ಕೂಡ ಯೋಚಿಸಬೇಕು’ ಅಂತ ಇದೆ. ಮತ್ತೆ ಸೂಜಿ ಹಾಕಿಸಬೇಕಾ? ಕ್ಯಾನ್ಸರ್ ಅಂತ ಹೆದರಿ ಅಮ್ಮ ಸರಿಯಾಗಿ ಊಟವೇ ಮಾಡುತ್ತಿಲ್ಲ.

ಉತ್ತರ: ಮೊದಲು ಅಮ್ಮನಿಗೆ ಊಟ ಮಾಡಿಸಿ. ನರದ ಕವಚದಿಂದ ಹುಟ್ಟುವ ಶ್ವಾನ್ನೋಮಾ ಎಂಬ ಗಡ್ಡೆ ಕ್ಯಾನ್ಸರ್ ಅಲ್ಲ. ಅದು ಕ್ಯಾನ್ಸರ್ ಆಗಿ ತಿರುಗುವುದು ತೀರಾ ಅಪರೂಪ. ನಾಲ್ಕು ವರ್ಷ ನೋವಿಲ್ಲದೆ ಸುಮ್ನೆ ಕೂತಿದೆ ಅಂದರೆ ಅದರ ಸ್ವಭಾವಕ್ಕೆ ಸರಿಹೊಂದುತ್ತದೆ.

ಎರಡನೇ ಸಲ ಸೂಜಿಗೆ ಈಗಲೇ ಒಪ್ಪಬೇಡಿ. ನಮ್ಮಲ್ಲಿ ಕುತ್ತಿಗೆಯಲ್ಲಿ ಗಂಟು ಅಂದ ಕೂಡಲೇ ಟಿಬಿ ನೆನಪಾಗುತ್ತದೆ, ಹಾಗಾಗಿ ಸೂಜಿ ಮೊದಲು ಬರುತ್ತದೆ. ಅದು ತಪ್ಪಲ್ಲ. ಆದರೆ ನರದ ಗಡ್ಡೆಗೆ ಸೂಜಿ ಹಾಕಿದರೆ ಜಾಸ್ತಿ ನೋವಾಗುತ್ತದೆ, ಎಷ್ಟೋ ಸಲ ಉತ್ತರವೂ ಸಿಗುವುದಿಲ್ಲ. ಕೆರೊಟಿಡ್ ಬಾಡಿ ಟ್ಯೂಮರ್ (ಕುತ್ತಿಗೆಯ ಕೆರೊಟಿಡ್ ರಕ್ತನಾಳ ಕವಲಾಗುವ ಕಡೆ ಇರುವ ಪುಟ್ಟ ಅಂಗದ ಗಡ್ಡೆ) ಆಗಿದ್ದರೆ ಒಳಗೆಲ್ಲ ರಕ್ತನಾಳವೇ ತುಂಬಿರುತ್ತದೆ, ರಕ್ತ ಸೋರುವ ಭಯ ಇದೆ. ವೇಗಸ್, ಸಿಂಪಥೆಟಿಕ್, ಕೆರೊಟಿಡ್ ಬಾಡಿ ಎಂಬ ಈ ಮೂರನ್ನು ಬೇರೆ ಮಾಡುವ ಕೆಲಸದ ಹೆಚ್ಚಿನ ಪಾಲನ್ನು ನಿಮ್ಮ ಕೈಯಲ್ಲಿರುವ ಎಂಆರ್‌ಐಯೇ ಮಾಡುತ್ತದೆ.

ಹೇಗೆ ಅಂತ ಹೇಳುತ್ತೇನೆ. ಕುತ್ತಿಗೆಯಲ್ಲಿ ಮೆದುಳಿಗೆ ರಕ್ತ ಒಯ್ಯುವ ಕೆರೊಟಿಡ್ ಅಪಧಮನಿ, ಪಕ್ಕದಲ್ಲೇ ರಕ್ತ ಇಳಿಸುವ ಜುಗುಲರ್ ಅಭಿಧಮನಿ. ಇವೆರಡರ ನಡುವೆ, ತುಸು ಹಿಂದಕ್ಕೆ, ಸ್ವರ ಮತ್ತು ನುಂಗುವಿಕೆಯನ್ನು ನೋಡಿಕೊಳ್ಳುವ ವೇಗಸ್ ನರ. ಮೂರಕ್ಕೂ ಒಂದೇ ಹೊದಿಕೆ. ಕಣ್ಣಿನ ರೆಪ್ಪೆ, ಪಾಪೆಗಳನ್ನು ನೋಡಿಕೊಳ್ಳುವ ಸಿಂಪಥೆಟಿಕ್ ನರದ ಸರಪಳಿ ಮಾತ್ರ ಆ ಹೊದಿಕೆಯ ಹಿಂದುಗಡೆ ಇರುತ್ತದೆ.

ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ಹೊರಡುವ ಸಿಟಿ ಬಸ್ ನೆನಪಿಸಿಕೊಳ್ಳಿ. ಸೀಟಿನಲ್ಲಿ ಇಬ್ಬರು ಕೂತಿದ್ದಾರೆ. ಮೂರನೆಯವರು ನಡುವೆ ನುಗ್ಗಿದರೆ ಒಬ್ಬರು ಕಿಟಕಿಗೆ ಒತ್ತಿಕೊಳ್ಳುತ್ತಾರೆ, ಇನ್ನೊಬ್ಬರು ಈಚೆಗೆ ಸರಿಯುತ್ತಾರೆ. ವೇಗಸ್ ನರದ ಗಡ್ಡೆ ಮಾಡುವುದು ಇದನ್ನೇ, ಅಪಧಮನಿಯನ್ನೂ ಅಭಿಧಮನಿಯನ್ನೂ ಬೇರೆ ಬೇರೆ ದಿಕ್ಕಿಗೆ ಸರಿಸುತ್ತದೆ. ಅದೇ ಹಿಂದಿನಿಂದ ಯಾರೋ ನೂಕಿದರೆ ಇಬ್ಬರೂ ಒಟ್ಟಿಗೇ ಮುಂದಕ್ಕೆ ಬಾಗುತ್ತಾರೆ ಅಲ್ವಾ? ಅದು ಸಿಂಪಥೆಟಿಕ್ ಸರಪಳಿಯ ಗಡ್ಡೆ. 1996ರಲ್ಲಿ ಜಪಾನಿನ ಫುರುಕಾವಾ ಮತ್ತು ಸಂಗಡಿಗರು ಈ ವ್ಯತ್ಯಾಸವನ್ನು ಬರೆದು ಪ್ರಕಟಿಸಿದರು. ಇವತ್ತಿಗೂ ನಾವು ಮೊದಲು ನೋಡುವುದು ಅದನ್ನೇ.

ಸ್ಕ್ರೀನಿನ ಮುಂದೆ ಕೂತಾಗ ನಾನು ಮೇಲಿನಿಂದ ಒಂದೊಂದೇ ಚಿತ್ರ ಸರಿಸುತ್ತಾ ಕೆಳಗೆ ಬರುತ್ತೇನೆ. ಹರಿಯುವ ರಕ್ತ ಕಪ್ಪಾಗಿ ಕಾಣುವುದರಿಂದ ಎರಡು ಕಪ್ಪು ಬೊಟ್ಟು ಅಂಟಿಕೊಂಡಂತೆ ಇರುತ್ತವೆ. ಒಂದೆರಡು ಚಿತ್ರ ದಾಟುವಷ್ಟರಲ್ಲಿ ನಡುವೆ ಬಿಳಿ ಅಂಚೊಂದು ಇಣುಕುತ್ತದೆ, ಆಮೇಲೆ ಅದು ಉಬ್ಬುತ್ತಾ ಹೋಗಿ, ಅಭಿಧಮನಿ ಒತ್ತಿ ಒತ್ತಿ ಗೆರೆಯಷ್ಟು ಚಪ್ಪಟೆಯಾಗಿ ಹೊರಬದಿಗೆ ಅಂಟಿಕೊಳ್ಳುತ್ತದೆ. ಕೆಳಗೆ ಗಡ್ಡೆ ಮುಗಿದ ಮೇಲೆ ಎರಡೂ ಬೊಟ್ಟು ಮತ್ತೆ ಹತ್ತಿರ ಬರುತ್ತವೆ. ಹೀಗೆ ಕಂಡರೆ ಮನಸ್ಸಿಗೆ ವೇಗಸ್ ಅಂತಲೇ ಬರುತ್ತದೆ.

ಕೆರೊಟಿಡ್ ಬಾಡಿ ಟ್ಯೂಮರಿನ ಜಾಗ ಬೇರೆ. ಕೆರೊಟಿಡ್ ಅಪಧಮನಿ ಎರಡು ಕವಲಾಗುವ ಕಡೆ, ಕವಣೆಯ ಕೋಲಿನಂಥ ಆ ಸಂದಿಯಲ್ಲೇ ಕೂತು ಕವಲುಗಳನ್ನು ಅಗಲಿಸುತ್ತದೆ. ಬಣ್ಣದ ಇಂಜೆಕ್ಷನ್ (ಸ್ಕ್ಯಾನಿನಲ್ಲಿ ಎದ್ದು ಕಾಣಲು ಕೊಡುವ ಕಾಂಟ್ರಾಸ್ಟ್) ಕೊಟ್ಟ ಕೂಡಲೇ ಜೋರಾಗಿ ಬೆಳಗುತ್ತದೆ. ತುಸು ದೊಡ್ಡದಾಗಿದ್ದರೆ ಒಳಗೆ ಕಾಳುಮೆಣಸಿನ ಪುಡಿ ಉದುರಿಸಿದ ಹಾಗೆ ಕಪ್ಪು ಚುಕ್ಕೆಗಳು ಕಾಣುತ್ತವೆ, ಅವೆಲ್ಲ ರಕ್ತನಾಳಗಳು. ಶ್ವಾನ್ನೋಮಾದಲ್ಲಿ ಆ ಚುಕ್ಕೆ ಸಾಮಾನ್ಯವಾಗಿ ಇರುವುದಿಲ್ಲ, ಬದಲಿಗೆ ನೀರು ತುಂಬಿದ ಭಾಗಗಳು ಇರಬಹುದು.

ಆದರೆ ಗಡ್ಡೆಗಳು ನಮ್ಮ ಲೆಕ್ಕದ ಪ್ರಕಾರವೇ ಬೆಳೆಯುತ್ತವೆ ಅಂತಿಲ್ಲ. ಸಿಂಪಥೆಟಿಕ್ ಗಡ್ಡೆಯೂ ಕೆಲವೊಮ್ಮೆ ಆ ಕವಲನ್ನು ಅಗಲಿಸಿ ಮೋಸ ಮಾಡುತ್ತದೆ. ನಿಮ್ಮ ರಿಪೋರ್ಟಿನಲ್ಲಿ ಮೂರು ಹೆಸರು ಇರುವುದಕ್ಕೆ ಬೇಸರ ಬೇಡ. ಒಳ್ಳೆಯ ಅಲ್ಟ್ರಾಸೌಂಡ್ ಇಲ್ಲಿ ತುಂಬಾ ಸಹಾಯ ಮಾಡುತ್ತದೆ. ವೇಗಸ್ ನರ ದಾರದ ಹಾಗೆ ಬಂದು ಗಡ್ಡೆಯ ಒಳಗೆ ಸೇರುವುದು ಕಂಡುಬಿಟ್ಟರೆ ಮತ್ತೆ ಸಂಶಯ ಉಳಿಯುವುದಿಲ್ಲ. ಬಣ್ಣ ಹಾಕದೆ ಎಂಆರ್‌ಐ ಮಾಡಿದ್ದರೆ ಬಣ್ಣ ಹಾಕಿ ಮತ್ತೊಮ್ಮೆ ಮಾಡಿಸುವುದು ಎರಡನೇ ಸೂಜಿಗಿಂತ ಎಷ್ಟೋ ಮೇಲು. ಕಿಡ್ನಿ ತೊಂದರೆ ಇದ್ದರೆ ಮೊದಲೇ ತಿಳಿಸಿ.

ಯಾವ ನರ ಆದರೇನು, ತೆಗೆದರಾಯಿತು ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ವೇಗಸ್‌ಗೆ ಪೆಟ್ಟಾದರೆ ಸ್ವರ ಒಡೆಯುತ್ತದೆ, ನೀರು ಕುಡಿಯುವಾಗ ಕೆಮ್ಮು ಬರುತ್ತದೆ. ಸಿಂಪಥೆಟಿಕ್‌ಗೆ ಪೆಟ್ಟಾದರೆ ಆ ಬದಿಯ ರೆಪ್ಪೆ ಇಳಿಯುತ್ತದೆ, ಕಣ್ಣಿನ ಪಾಪೆ ಚಿಕ್ಕದಾಗುತ್ತದೆ, ಕೆಲವರಿಗೆ ಊಟದ ಮೊದಲ ತುತ್ತಿಗೆ ಕಿವಿಯ ಹತ್ತಿರ ಚುಚ್ಚಿದಂತೆ ನೋವಾಗಿ ಮುಂದಿನ ತುತ್ತಿಗೆ ಕಡಿಮೆಯಾಗುತ್ತದೆ. ಆಪರೇಷನ್‌ಗೆ ಸಹಿ ಹಾಕುವ ಮೊದಲೇ ಅಮ್ಮನಿಗೆ ಇದು ಗೊತ್ತಿರಬೇಕು. ಕವಚ ಸೀಳಿ ಒಳಗಿನ ಗಡ್ಡೆ ಮಾತ್ರ ಬಿಡಿಸಿ ನರ ಉಳಿಸಲು ಆಗುತ್ತದಾ ಎಂದು ಸರ್ಜನ್ ಹತ್ತಿರ ಕೇಳಿ. ಶ್ವಾನ್ನೋಮಾ ಅಂತ ಖಚಿತವಾಗಿ, ತೊಂದರೆ ಏನೂ ಇಲ್ಲದಿದ್ದರೆ ಆಗಾಗ ಸ್ಕ್ಯಾನ್ ಮಾಡಿ ಕಾಯುವುದೂ ಒಂದು ದಾರಿ. ಹೋಗುವಾಗ ರಿಪೋರ್ಟಿನ ಕಾಗದ ಮಾತ್ರ ಸಾಲದು, ಸಿಡಿ ತಗೊಂಡು ಹೋಗಿ.

ಚಿತ್ರ ನೋಡದೆ ನಾನು ತೀರ್ಪು ಕೊಡುವ ಹಾಗಿಲ್ಲ. ಆದರೂ ಒತ್ತಿದಾಗ ಬರುವ ಆ ಒಣ ಕೆಮ್ಮು ವೇಗಸ್ ಕಡೆಗೇ ಬೆರಳು ತೋರಿಸುತ್ತದೆ. ಹಾಗಂತ ಮನೆಗೆ ಬಂದವರೆಲ್ಲ ಒತ್ತಿ ನೋಡುವುದು ಬೇಡ ಮಾರಾಯ್ರೇ. ಆ ಜಾಗದಲ್ಲಿ ಜೋರಾಗಿ ಒತ್ತಿದರೆ ಎದೆಬಡಿತ ನಿಧಾನವಾಗಿ ತಲೆ ತಿರುಗಬಹುದು.