ಆ್ಯಪ್ ತೋರಿಸದ ಕನ್ನಡ: ಹಾಡು, ಸಿನಿಮಾ, ಪುಸ್ತಕ ಹುಡುಕುವ ಬಗೆ

ಓದುಗರ ಪ್ರಶ್ನೆ – ಬಲ್ಲವರ ಉತ್ತರ

ಪ್ರಶ್ನೆ: ‘ಕನ್ನಡ ಇಂಡೀ’ ಅಂತ ಹುಡುಕಿದರೆ ಪ್ರತಿ ಸಲವೂ ಅದೇ ನಾಲ್ಕೈದು ಹೆಸರು ಬರುತ್ತವೆ, ಆಮೇಲೆ ಮತ್ತೆ ಸಿನಿಮಾ ಹಾಡು. ಸ್ವಂತವಾಗಿ ಹಾಡು ಮಾಡುವ ಹೊಸಬರನ್ನು ಪತ್ತೆ ಹಚ್ಚುವುದು ಹೇಗೆ? – ಓದುಗರು, ಹುಬ್ಬಳ್ಳಿ

ಉತ್ತರ: ಮೊದಲು ‘ಇಂಡೀ’ ಅನ್ನುವ ಪದವನ್ನೇ ಬಿಡಿ. ಅದನ್ನು ಹಾಕಿದ ಕೂಡಲೇ ಸಿಗುವುದು ಯಾರೋ ಎಂದೋ ಕಟ್ಟಿಟ್ಟ ಪ್ಲೇಲಿಸ್ಟ್. ಪ್ರಕಾರ ಹಿಡಿದು ಹುಡುಕುವುದಕ್ಕಿಂತ ಜನರನ್ನು ಹಿಡಿದು ಹುಡುಕುವುದು ಲೇಸು. ಇಷ್ಟವಾದ ಒಂದೇ ಒಂದು ಹಾಡು ಕೈಲಿದ್ದರೆ ಸಾಕು.

ಆ ಹಾಡನ್ನು ಯೂಟ್ಯೂಬಿನಲ್ಲಿ ತೆರೆಯಿರಿ. ಚಾನೆಲ್ ಹೆಸರಿನ ಕೊನೆಗೆ ‘ಟಾಪಿಕ್’ ಎಂದಿದ್ದರೆ ಅದು ಕಲಾವಿದರು ಕೈಯಾರೆ ಹಾಕಿದ್ದಲ್ಲ. ವಿತರಣಾ ಸಂಸ್ಥೆ ಕಳಿಸಿದ ವಿವರದಿಂದ ಯೂಟ್ಯೂಬೇ ತಯಾರಿಸಿದ್ದು. ವಿಡಿಯೊ ಇರುವುದಿಲ್ಲ, ಬರೀ ಆಲ್ಬಮ್ಮಿನ ಚಿತ್ರ. ಹಾಗಾಗಿ ಎಲ್ಲರೂ ದಾಟಿ ಹೋಗುತ್ತಾರೆ, ನಮಗೆ ಬೇಕಾದದ್ದು ಇರುವುದು ಅಲ್ಲೇ. ಕೆಳಗಿನ ವಿವರಣೆಯನ್ನು ಬಿಚ್ಚಿ ನೋಡಿದರೆ ಮೊದಲ ಸಾಲಿನಲ್ಲಿ ವಿತರಕರ ಹೆಸರು. ಸ್ವಲ್ಪ ಕೆಳಗೆ ವೃತ್ತದೊಳಗೆ ‘ಪಿ’ ಅಕ್ಷರ, ಅದರ ಮುಂದೆ ಇಸವಿ, ಧ್ವನಿಮುದ್ರಣದ ಹಕ್ಕುದಾರರ ಹೆಸರು. ಸಿನಿಮಾ ಹಾಡಾದರೆ ಇಲ್ಲಿ ಸಾಮಾನ್ಯವಾಗಿ ಆಡಿಯೊ ಕಂಪನಿ ಇರುತ್ತದೆ. ಸ್ವತಂತ್ರರದ್ದಾದರೆ ಹಾಡಿದವರದೇ ಹೆಸರು ಅಥವಾ ಸಣ್ಣದೊಂದು ಲೇಬಲ್ (ಹಾಡು ಹೊರತರುವ ಸಂಸ್ಥೆ). ಅದರ ಕೆಳಗೆ ಸಂಗೀತ ಮಾಡಿದವರು, ಸಾಹಿತ್ಯ ಬರೆದವರು, ಅದೃಷ್ಟವಿದ್ದರೆ ಮಿಕ್ಸಿಂಗ್ (ಧ್ವನಿಗಳನ್ನು ಹದವಾಗಿ ಬೆರೆಸುವ ಕೆಲಸ) ಮಾಡಿದವರು ಕೂಡ ಇರುತ್ತಾರೆ.

ಆ ಲೇಬಲ್ ಹೆಸರನ್ನು ಹಿಡಿದು ಸ್ಪಾಟಿಫೈಗೆ ಬನ್ನಿ. ಹುಡುಕುವ ಜಾಗದಲ್ಲಿ ಇಂಗ್ಲಿಷಿನಲ್ಲಿ ‘ಲೇಬಲ್’ ಎಂದು ಬರೆದು, ಜಾಗ ಬಿಡದೆ ಕೋಲನ್ ಹಾಕಿ, ಲೇಬಲ್ ಹೆಸರನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಕೊಡಿ. ‘ಇಯರ್’, ಕೋಲನ್, 2020-2024 ಎಂದು ಸೇರಿಸಿದರೆ ಆ ವರ್ಷಗಳದ್ದು ಮಾತ್ರ ಬರುತ್ತದೆ. ಇನ್ನೊಂದು ಕೀಲಿ ಇದೆ: ‘ಟ್ಯಾಗ್’, ಕೋಲನ್, ‘ಹಿಪ್‌ಸ್ಟರ್’. ಜನಪ್ರಿಯತೆಯಲ್ಲಿ ಕೊನೆಯ ಶೇ 10ರಲ್ಲಿರುವ ಆಲ್ಬಮ್‌ಗಳನ್ನಷ್ಟೇ ಇದು ಹೊರಗೆ ತರುತ್ತದೆ. ಹೆಸರು ಅಣಕದಂತಿದ್ದರೂ ಕೆಲಸಕ್ಕೆ ಬರುತ್ತದೆ. ಇನ್ನು ಪ್ರತಿ ಹಾಡಿನ ಮೂರು ಚುಕ್ಕಿಯನ್ನು ಒತ್ತಿದರೆ ಕ್ರೆಡಿಟ್ಸ್ ಇರುತ್ತದೆ. ಗೀತಸಾಹಿತ್ಯ ಬರೆದವರು, ಮಿಕ್ಸಿಂಗ್ ಮಾಡಿದವರು ಒಂದೇ ತಂಡಕ್ಕೆ ಅಂಟಿಕೊಂಡಿರುವುದು ಅಪರೂಪ. ಅವರ ಹೆಸರು ಹಿಡಿದು ಹೋದರೆ ಇನ್ನೆರಡು ತಂಡ ಸಿಕ್ಕೇ ಸಿಗುತ್ತವೆ.

ಎಡವುವುದು ಹೆಚ್ಚಾಗಿ ಕಾಗುಣಿತದಲ್ಲಿ. ನಮ್ಮವರಲ್ಲಿ ಬಹಳಷ್ಟು ಮಂದಿ ಹಾಡಿನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೇ ತುಂಬುತ್ತಾರೆ. ‘ಹೃದಯ’ದ ಋಕಾರಕ್ಕೆ ಒಬ್ಬರು ಆರ್ ಮುಂದೆ ಯು ಹಾಕಿದರೆ ಇನ್ನೊಬ್ಬರು ಐ ಹಾಕುತ್ತಾರೆ. ‘ತ’ಕಾರಕ್ಕೆ ಕೆಲವರು ಟಿ, ಕೆಲವರು ಟಿ-ಎಚ್. ದೀರ್ಘಕ್ಕೆ ಒಂದು ಎ, ಎರಡು ಎ. ಆದ್ದರಿಂದ ಒಂದೇ ಪದವನ್ನು ಮೂರು ಬಗೆಯಲ್ಲಿ ಬರೆದು ನೋಡಿ, ಕನ್ನಡ ಲಿಪಿಯಲ್ಲೂ ಒಮ್ಮೆ ಹಾಕಿ. ಅಪ್‌ಲೋಡ್ ಮಾಡುವಾಗ ಭಾಷೆಯ ಕಾಲಂ ತಪ್ಪು ತುಂಬಿದ್ದರೆ ಆ ಹಾಡು ಕನ್ನಡದ ವಿಭಾಗದಲ್ಲಿ ಕಾಣಿಸದೆಯೂ ಹೋಗಬಹುದು. ಭಾಷೆಯ ಫಿಲ್ಟರನ್ನೇ ನಂಬಿ ಕೂರಬೇಡಿ.

ಪ್ರಶ್ನೆ: ಕೇಳುವುದು ಸರಿ, ಆದರೆ ದುಡ್ಡು ಕಲಾವಿದರಿಗೆ ಮುಟ್ಟುತ್ತದೆಯೇ? ಕಲಾವಿದರಿಂದಲೇ ಹಾಡು ಕೊಳ್ಳುವ ಬ್ಯಾಂಡ್‌ಕ್ಯಾಂಪ್ ತಾಣದಲ್ಲಿ ಬೆಂಗಳೂರಿನದೇ ತಂಡದ ಆಲ್ಬಮ್ ಕೊಳ್ಳಲು ಹೋದರೆ ಪಾವತಿ ಆಗುತ್ತಿಲ್ಲ. – ಓದುಗರು, ಮೈಸೂರು

ಉತ್ತರ: ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದರೆ ಮಾತ್ರ ಒಂದು ಸ್ಟ್ರೀಮ್ ಎಂದು ಲೆಕ್ಕ. 2024ರಿಂದ ಹಿಂದಿನ 12 ತಿಂಗಳಲ್ಲಿ 1000 ಸ್ಟ್ರೀಮ್ ದಾಟದ ಹಾಡಿಗೆ ರಾಯಲ್ಟಿಯೇ ಇಲ್ಲ. ಹೊಸಬರಿಗೆ ಇದು ಸಣ್ಣ ಮೆಟ್ಟಿಲಲ್ಲ. ಬ್ಯಾಂಡ್‌ಕ್ಯಾಂಪ್‌ನ ಲೆಕ್ಕ ನೇರ: ಡಿಜಿಟಲ್ ಮಾರಾಟದಲ್ಲಿ ಶೇ 15, ಸಿಡಿ, ಟೀ ಶರ್ಟಿನಂಥ ವಸ್ತುಗಳಲ್ಲಿ ಶೇ 10 ಅವರ ಪಾಲು. ಪಾವತಿ ಸಂಸ್ಥೆಯ ಶುಲ್ಕ ಬೇರೆ. ಉಳಿದದ್ದು ಕಲಾವಿದರಿಗೆ.

ನಿಮ್ಮ ಪಾವತಿ ನಿಂತದ್ದು ಕಾರ್ಡಿನ ದೋಷದಿಂದಲ್ಲ. ಅಲ್ಲಿ ಹಣ ಹೋಗುವುದು ಮಾರುವವರ ಪೇಪಾಲ್ ಖಾತೆಗೆ. ಭಾರತದೊಳಗಿನ ಪಾವತಿಯನ್ನು ಪೇಪಾಲ್ 2021ರ ಏಪ್ರಿಲ್ 1ರಿಂದ ನಿಲ್ಲಿಸಿದೆ. ಕೊಳ್ಳುವವರೂ ಮಾರುವವರೂ ಭಾರತದಲ್ಲೇ ಇದ್ದರೆ ವ್ಯವಹಾರ ಮುಂದೆ ಹೋಗುವುದಿಲ್ಲ. ಮೈಸೂರಿನವರಿಗೆ ಬೆಂಗಳೂರಿನ ಆಲ್ಬಮ್ ಸಿಗದು, ಡಲ್ಲಾಸಿನಲ್ಲಿರುವ ಕನ್ನಡಿಗರಿಗೆ ಸಿಗುತ್ತದೆ! ನೀವು ತಂಡದ ಪುಟದಲ್ಲಿ ಯುಪಿಐ ವಿಳಾಸ ಇದೆಯೇ ನೋಡಿ, ಇಲ್ಲದಿದ್ದರೆ ಒಂದು ಮೆಸೇಜ್ ಹಾಕಿ ಕೇಳಿ. ಹಣ ಬಂದ ಮೇಲೆ ಬ್ಯಾಂಡ್‌ಕ್ಯಾಂಪ್‌ನ ಡೌನ್‌ಲೋಡ್ ಕೋಡ್ ಕಳಿಸಲು ಅವರಿಗೆ ಸಾಧ್ಯವಿದೆ.

ವಿದೇಶಿ ಕಲಾವಿದರ ಆಲ್ಬಮ್ ಆದರೆ ತೊಡಕಿಲ್ಲ. ಆದರೆ ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡಿನ ಅಂತರರಾಷ್ಟ್ರೀಯ ಬಳಕೆಯನ್ನು ನೀವೇ ಆನ್ ಮಾಡಬೇಕು. 2020ರ ಅಕ್ಟೋಬರ್‌ನಿಂದ ಹೊಸ ಕಾರ್ಡ್‌ಗಳಲ್ಲಿ ಅದು ಆಫ್ ಆಗಿಯೇ ಬರುತ್ತದೆ. ಕೊಂಡಾದ ಮೇಲೆ ಮತ್ತೆ ಆಫ್ ಮಾಡಿಬಿಡಿ. ಬ್ಯಾಂಡ್‌ಕ್ಯಾಂಪ್ 2020ರಲ್ಲಿ ಶುರು ಮಾಡಿದ ‘ಫ್ರೈಡೇ’ ದಿನಗಳಲ್ಲಿ ತನ್ನ ಪಾಲನ್ನೂ ಬಿಟ್ಟುಕೊಡುತ್ತದೆ. ಅದು ಎಲ್ಲ ತಿಂಗಳೂ ಇರುವುದಿಲ್ಲ, ಮತ್ತು ದಿನದ ಲೆಕ್ಕ ಅಮೆರಿಕದ ಪಶ್ಚಿಮ ಕರಾವಳಿಯ ಗಡಿಯಾರದ್ದು. ನಮ್ಮಲ್ಲಿ ಶುಕ್ರವಾರ ಮಧ್ಯಾಹ್ನ 12.30ಕ್ಕೆ (ಅಲ್ಲಿ ಚಳಿಗಾಲವಾದರೆ 1.30ಕ್ಕೆ) ಶುರುವಾಗಿ ಶನಿವಾರ ಅದೇ ಹೊತ್ತಿಗೆ ಮುಗಿಯುತ್ತದೆ. ಶುಕ್ರವಾರ ಬೆಳಿಗ್ಗೆ ಎದ್ದು ಕೊಂಡರೆ ಲೆಕ್ಕಕ್ಕಿಲ್ಲ.

ಪ್ರಶ್ನೆ: ಬುಸಾನ್, ಬರ್ಲಿನ್ ಚಿತ್ರೋತ್ಸವ ಅಂತ ಪತ್ರಿಕೆಯಲ್ಲಿ ಓದುತ್ತೇವೆ, ಆಮೇಲೆ ಆ ಕನ್ನಡ ಸಿನಿಮಾ ಎಲ್ಲೂ ಕಾಣುವುದಿಲ್ಲ. ಕಳ್ಳ ಕಾಪಿ ಬೇಡ, ಸರಿಯಾದ ದಾರಿ ಯಾವುದು? – ಓದುಗರು, ಶಿವಮೊಗ್ಗ

ಉತ್ತರ: ತಾಳ್ಮೆಯೇ ಮೊದಲ ದಾರಿ. ‘ಶಿವಮ್ಮ’ 2022ರಲ್ಲಿ ಬುಸಾನ್‌ನಲ್ಲಿ ಹೊಸ ನಿರ್ದೇಶಕರಿಗೆ ಕೊಡುವ ನ್ಯೂ ಕರೆಂಟ್ಸ್ ಪ್ರಶಸ್ತಿ ಪಡೆಯಿತು. ನಮ್ಮ ಚಿತ್ರಮಂದಿರಕ್ಕೆ ಬಂದದ್ದು 2024ರಲ್ಲಿ. ದೊಡ್ಡ ಉತ್ಸವಗಳು ಮೊದಲ ಪ್ರದರ್ಶನ ತಮ್ಮಲ್ಲೇ ಆಗಬೇಕೆಂದು ಕೇಳುವುದರಿಂದ, ಉತ್ಸವಗಳ ಸುತ್ತು ಮುಗಿಯುವವರೆಗೆ ನಿರ್ಮಾಪಕರು ಆನ್‌ಲೈನಿಗೆ ಬಿಡಲು ಹಿಂಜರಿಯುತ್ತಾರೆ. ಥಿಯೇಟರಿಗೆ ಬಂದಾಗಲೂ ಒಂದು ವಾರ ನಿಂತರೆ ಹೆಚ್ಚು. ಆ ವಾರ ತಪ್ಪಿಸಿಕೊಳ್ಳಬಾರದು.

ಬೆಂಗಳೂರು ಚಿತ್ರೋತ್ಸವದ ಪ್ರತಿ ವರ್ಷದ ಕನ್ನಡ ಸ್ಪರ್ಧಾ ವಿಭಾಗದ ಪಟ್ಟಿಯನ್ನು ತೆಗೆದಿಟ್ಟುಕೊಳ್ಳಿ. ಅಲ್ಲಿನ ಹೆಸರುಗಳನ್ನು ಸಿನಿಮಾ ಪಟ್ಟಿ ಇಟ್ಟುಕೊಳ್ಳುವ ತಾಣ ಲೆಟರ್‌ಬಾಕ್ಸ್‌ಡ್‌ನ ವಾಚ್‌ಲಿಸ್ಟಿಗೂ, ಚಿತ್ರ ಎಲ್ಲಿ ನೋಡಲು ಸಿಗುತ್ತದೆಂದು ತಿಳಿಸುವ ಜಸ್ಟ್‌ವಾಚ್‌ಗೂ ಸೇರಿಸಿ, ಜಸ್ಟ್‌ವಾಚ್‌ನಲ್ಲಿ ದೇಶ ಭಾರತ ಎಂದಿದೆಯೇ ನೋಡಿ. ಚಿತ್ರ ಯಾವ ಒಟಿಟಿಗೆ ಬಂದಿದೆ ಎಂಬುದು ಅಲ್ಲಿ ಗೊತ್ತಾಗುತ್ತದೆ. ಇಲ್ಲೂ ಹೆಸರು ಹಿಡಿದು ಹೋಗುವುದೇ ಉಪಾಯ: 2021ರಲ್ಲಿ ಬುಸಾನ್‌ಗೆ ಹೋದ ‘ಪೆಡ್ರೊ’, ‘ಶಿವಮ್ಮ’, 2025ರಲ್ಲಿ ಬರ್ಲಿನ್‌ಗೆ ಹೋದ ‘ವಾಘಾಚಿಪಾಣಿ’ ಮೂರನ್ನೂ ನಿರ್ಮಿಸಿದವರು ರಿಷಬ್ ಶೆಟ್ಟಿ. ನಿರ್ದೇಶಕರ ಜೊತೆ ನಿರ್ಮಾಣ ಸಂಸ್ಥೆ, ಸಂಕಲನಕಾರರನ್ನೂ ಇನ್‌ಸ್ಟಾಗ್ರಾಮಿನಲ್ಲಿ ಹಿಂಬಾಲಿಸಿ. ಒಂದೇ ದಿನದ ಪ್ರದರ್ಶನಗಳ ಸುದ್ದಿ ಮೊದಲು ಬರುವುದು ಅಲ್ಲೇ.

ಊರಲ್ಲಿ ಐವತ್ತು ಜನ ಸೇರುತ್ತೀರಾದರೆ ನಿರ್ದೇಶಕರಿಗೇ ಬರೆದು ಪ್ರದರ್ಶನ ಕೇಳಬಹುದು. ಪತ್ರದಲ್ಲಿ ದಿನಾಂಕ, ಆಸನ ಎಷ್ಟು, ಟಿಕೆಟ್ ಇದೆಯೋ ಇಲ್ಲವೋ, ಕೊಡಬಲ್ಲ ಶುಲ್ಕ, ಪ್ರೊಜೆಕ್ಟರ್ ಯಾವುದು ಎಂದು ಸ್ಪಷ್ಟವಾಗಿರಲಿ. ಕಾಲೇಜು ಸಭಾಂಗಣಕ್ಕೆ ಡಿಸಿಪಿ (ಚಿತ್ರಮಂದಿರಕ್ಕೆ ಕಳಿಸುವ ಡಿಜಿಟಲ್ ಪ್ರತಿ) ಬೇಡ, 1080ಪಿ ಎಂಪಿ4 ಸಾಕು. ಎರಡು ಗಂಟೆಯ ಚಿತ್ರ ಸೆಕೆಂಡಿಗೆ 5 ಮೆಗಾಬಿಟ್ (ಎಂಬಿಪಿಎಸ್) ಲೆಕ್ಕದಲ್ಲಿ ಸುಮಾರು 4.5 ಜಿಬಿ ಆಗುತ್ತದೆ. ಪೆನ್‌ಡ್ರೈವ್ ಎಫ್‌ಎಟಿ32ರಲ್ಲಿ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿ ಮೀರಿದ ಫೈಲ್ ಅದರೊಳಗೆ ಕೂರುವುದೇ ಇಲ್ಲ. ಅದನ್ನು ಎಕ್ಸ್‌ಫ್ಯಾಟ್‌ನಲ್ಲಿ ಫಾರ್ಮ್ಯಾಟ್ ಮಾಡಿಕೊಂಡು, ಹಿಂದಿನ ದಿನವೇ ಶಬ್ದ ಸಮೇತ ಹಾಕಿ ನೋಡಿ.

ಪ್ರಶ್ನೆ: ಇಂಟರ್‌ನೆಟ್ ಆರ್ಕೈವ್‌ನಲ್ಲಿ ಸಾವಿರಾರು ಹಳೆಯ ಕನ್ನಡ ಪುಸ್ತಕ ಇವೆಯಂತೆ. ಕನ್ನಡದಲ್ಲಿ ಹೆಸರು ಹಾಕಿದರೆ ಏನೂ ಬರುವುದಿಲ್ಲ. – ಓದುಗರು, ಧಾರವಾಡ

ಉತ್ತರ: ಇವೆ. ಅದರಲ್ಲಿ ದೊಡ್ಡ ಪಾಲು ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಿಂದ ಬಂದದ್ದು. ಅಲ್ಲಿ ಶೀರ್ಷಿಕೆಗಳನ್ನು ಇಂಗ್ಲಿಷ್ ಅಕ್ಷರದಲ್ಲಿ, ಟೈಪ್ ಮಾಡಿದವರ ಕಿವಿಗೆ ಕೇಳಿಸಿದ ಹಾಗೆ ತುಂಬಿದ್ದಾರೆ. ಅದಕ್ಕೇ ಮೊದಲು ‘ಪುಸ್ತಕ ಸಂಚಯ’ ತಾಣಕ್ಕೆ ಹೋಗಿ. ಆ ಸಂಗ್ರಹವನ್ನು ಕನ್ನಡ ಲಿಪಿಯಲ್ಲೇ ಹುಡುಕಲು ಮಾಡಿದ್ದು ಅದು. ಅಲ್ಲಿ ಸಿಗದಿದ್ದರೆ ಆರ್ಕೈವ್‌ನಲ್ಲಿ ಲೇಖಕರ ಹೆಸರಿನ ಒಂದೇ ತುಂಡು ಕೊಟ್ಟು, ಎಡಗಡೆ ಭಾಷೆ ಕನ್ನಡ ಎಂದು ಆರಿಸಿ. ಬೆಂಗಳೂರಿನಲ್ಲಿ ಸ್ಕ್ಯಾನ್ ಆಗುತ್ತಿರುವ ‘ಸರ್ವೆಂಟ್ಸ್ ಆಫ್ ನಾಲೆಡ್ಜ್’ ಸಂಗ್ರಹದ ಪ್ರತಿಗಳು ಹೊಸವು, ಅಚ್ಚು ಸ್ಪಷ್ಟ. ಹಳೆಯ ಸ್ಕ್ಯಾನ್‌ಗಳಲ್ಲಿ ಪುಟ ಬಿಟ್ಟುಹೋಗಿರುವುದುಂಟು. ಇಳಿಸಿಕೊಳ್ಳುವ ಮುಂಚೆ ಪರಿವಿಡಿಯನ್ನೂ ಕೊನೆಯ ಪುಟವನ್ನೂ ತಾಳೆ ನೋಡಿ.

ಅಲ್ಲಿದೆ ಎಂದ ಮಾತ್ರಕ್ಕೆ ಮರುಮುದ್ರಣಕ್ಕೆ ಮುಕ್ತ ಎಂದಲ್ಲ. ನಮ್ಮ ಕಾನೂನಿನಲ್ಲಿ ಹಕ್ಕು ಇರುವುದು ಲೇಖಕರು ತೀರಿಕೊಂಡ ಮುಂದಿನ ವರ್ಷದ ಜನವರಿ 1ರಿಂದ 60 ವರ್ಷ. 1963ರಲ್ಲಿ ತೀರಿಕೊಂಡ ಗೋವಿಂದ ಪೈಯವರ ಬದುಕಿದ್ದಾಗ ಪ್ರಕಟವಾದ ಕೃತಿಗಳು 2024ರ ಜನವರಿ 1ರಿಂದ ಮುಕ್ತ. 1981ರಲ್ಲಿ ತೀರಿಕೊಂಡ ಬೇಂದ್ರೆಯವರದು 2041ರ ಕೊನೆಯವರೆಗೂ ಅಲ್ಲ.

ಪ್ರಶ್ನೆ: ಹೊಸ ಕನ್ನಡ ಇ-ಪುಸ್ತಕ? – ಓದುಗರು, ಮಸ್ಕತ್

ಉತ್ತರ: 2016ರಲ್ಲಿ ಅಮೆಜಾನ್ ಕಿಂಡಲ್‌ಗೆ ಐದು ಭಾರತೀಯ ಭಾಷೆಗಳನ್ನು ಸೇರಿಸಿದಾಗ ಕನ್ನಡ ಆ ಪಟ್ಟಿಯಲ್ಲಿರಲಿಲ್ಲ. ಹಾಗಾಗಿ ಮೊದಲು ‘ಮೈಲ್ಯಾಂಗ್’ ಆ್ಯಪ್ ನೋಡಿ, ಇ-ಪುಸ್ತಕದ ಜೊತೆ ಕೇಳುಪುಸ್ತಕವೂ ಇದೆ. ಛಂದ, ಅಹರ್ನಿಶಿ, ಅಕ್ಷರ ಪ್ರಕಾಶನಗಳ ಹೊಸ ಪಟ್ಟಿಯನ್ನು ಹಿಡಿದು ಅಲ್ಲಿ ಹುಡುಕುವುದು ಮುಖಪುಟದ ಶಿಫಾರಸಿಗಿಂತ ಒಳ್ಳೆಯದು. ಕಾಗದದ ಪ್ರತಿಯೇ ಬೇಕೆಂದರೆ ಅಂಚೆವೆಚ್ಚ ಪುಸ್ತಕದ ಬೆಲೆಯನ್ನೂ ಮೀರಬಹುದು. ಊರಿನಿಂದ ಬರುವವರ ಪೆಟ್ಟಿಗೆಯಲ್ಲಿ ತರಿಸಿಕೊಳ್ಳಿ.