ಡಿಮ್ಮರ್‌ಗೆ ಎಲ್‌ಇಡಿ ಬಲ್ಬ್ ಹಾಕಿದರೆ ಯಾಕೆ ಮಿಣುಕುತ್ತದೆ?

ಹಾಸನದ ಹೊಸ ಮನೆಯ ಹಾಲ್‌ಗೆ ಡಿಮ್ಮರ್, ಅಂದರೆ ಬೆಳಕು ಏರಿಸಿ ಇಳಿಸುವ ಗುಂಡಿ ಹಾಕಿಸಿದ್ದೀರಿ, 9 ವ್ಯಾಟ್‌ನ ಎಲ್‌ಇಡಿ ಬಲ್ಬ್ ಕುಣಿಯುತ್ತಿದೆ. ಡಿಮ್ಮರ್ ವೋಲ್ಟೇಜ್ ಇಳಿಸುತ್ತದಾ, ಬಿಲ್ ಉಳಿಯುತ್ತದಾ ಅಂತಲೂ ಕೇಳಿದ್ದೀರಿ. ನಾನು ಚಿಕ್ಕಮಗಳೂರಿನಲ್ಲಿ ವೈರಿಂಗ್ ಕೆಲಸ ಮಾಡುವವನು. ಇದೇ ವಿಷಯದಲ್ಲಿ ಒಮ್ಮೆ ಚೆನ್ನಾಗಿ ಪೆಟ್ಟು ತಿಂದಿದ್ದೇನೆ, ಹಾಗಾಗಿ ಉತ್ತರ ಕೊಡುತ್ತೇನೆ.

ಡಿಮ್ಮರ್ ಅಂದರೆ ನಲ್ಲಿ ತಿರುಗಿಸಿ ನೀರು ಸಣ್ಣ ಮಾಡಿದ ಹಾಗೆ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಅದು ಬಹಳ ಚುರುಕಾದ ಒಂದು ಸ್ವಿಚ್, ಅಷ್ಟೇ. ನಮ್ಮ ಮನೆಗೆ ಬರುವ ಕರೆಂಟ್ 230 ವೋಲ್ಟ್, 50 ಹರ್ಟ್ಜ್. ಅಲೆಯ ಹಾಗೆ ಮೇಲೆ ಕೆಳಗೆ ಆಡುತ್ತಾ ಸೆಕೆಂಡಿಗೆ 100 ಸಲ ಸೊನ್ನೆಗೆ ಬರುತ್ತದೆ. ಅಂದರೆ ಒಂದೊಂದು ಅರ್ಧ ಅಲೆಗೆ 10 ಮಿಲಿಸೆಕೆಂಡ್. ಡಿಮ್ಮರ್ ಒಳಗೆ ಟ್ರಯಾಕ್ ಅಂತ ಒಂದು ಸಣ್ಣ ಸಾಮಾನಿದೆ. ಅಲೆ ಸೊನ್ನೆ ದಾಟಿದ ಮೇಲೆ ಅದು ಸ್ವಲ್ಪ ಹೊತ್ತು ಸುಮ್ನೆ ಕಾಯುತ್ತದೆ. ಆಮೇಲೆ ಆನ್ ಆಗುತ್ತದೆ. ಮತ್ತೆ ಸೊನ್ನೆ ಬಂದಾಗ ತಾನಾಗೇ ಆಫ್. ನೀವು ಗುಂಡಿ ತಿರುಗಿಸಿದಾಗ ಬದಲಾಗುವುದು ಆ ಕಾಯುವ ಹೊತ್ತು ಮಾತ್ರ. 5 ಮಿಲಿಸೆಕೆಂಡ್ ಕಾದರೆ ಅರ್ಧ ಅಲೆಯಲ್ಲಿ ಅರ್ಧ ಶಕ್ತಿ ಮಾತ್ರ ಬಲ್ಬಿಗೆ ಹೋಗುತ್ತದೆ.

ಹಳೇ ಗುಂಡು ಬಲ್ಬಿಗೆ ಇದು ಗೊತ್ತೇ ಆಗುತ್ತಿರಲಿಲ್ಲ. ಕಾದ ರೊಟ್ಟಿ ಹಂಚಿನ ಕೆಳಗೆ ಉರಿ ಒಂದು ಕ್ಷಣ ತೆಗೆದರೆ ಹಂಚು ಆರುತ್ತದಾ? ಒಳಗಿನ ತಂತಿಯೂ ಹಾಗೇ, ಬಿಸಿ ಹಿಡಿದುಕೊಂಡೇ ಇರುತ್ತಿತ್ತು. ಸ್ವಲ್ಪ ತಣ್ಣಗಾಗಿ, ಕೆಂಪಗೆ, ಮೆತ್ತಗೆ ಉರಿಯುತ್ತಿತ್ತು. ಆ ಬೆಳಕು ನನಗೆ ಈಗಲೂ ಇಷ್ಟ, ಎಲ್‌ಇಡಿ ಎಷ್ಟೇ ಇಳಿಸಿದರೂ ಸಾಮಾನ್ಯವಾಗಿ ಆ ಬಣ್ಣ ಬರುವುದಿಲ್ಲ.

ಎಲ್‌ಇಡಿ ಕಥೆ ಬೇರೆ. ನಮ್ಮ ಮಲೆನಾಡಿನ ಕಡೆ ಸಂಜೆ ವೋಲ್ಟೇಜ್ ಬಿದ್ದರೆ ಹಿಂದೆ ಬಲ್ಬುಗಳೆಲ್ಲ ಕೆಂಡದ ಹಾಗೆ ಆಗುತ್ತಿದ್ದವು, ನೆನಪಿದೆಯಾ? ಈಗ ಒಳ್ಳೇ ಎಲ್‌ಇಡಿ ಬಲ್ಬ್ ಹಾಕಿದ್ದರೆ ಅದು ಜಗ್ಗುವುದಿಲ್ಲ. ಯಾಕೆಂದರೆ ಅದರ ಬುಡದಲ್ಲಿ ಡ್ರೈವರ್ ಅಂತ ಒಂದು ಸರ್ಕ್ಯೂಟ್ ಇದೆ. ಬರುವ ವೋಲ್ಟೇಜ್ ಎಷ್ಟೇ ಇರಲಿ, ಬೆಳಕು ಒಂದೇ ಸಮ ಇರಬೇಕು ಅನ್ನುವುದು ಅದರ ಕೆಲಸ. ಈಗ ನೋಡಿ, ಡಿಮ್ಮರ್ ಬೆಳಕು ಇಳಿಸಲು ಅಲೆ ಕತ್ತರಿಸುತ್ತದೆ, ಡ್ರೈವರ್ ಇಳಿಯಲು ಬಿಡುವುದಿಲ್ಲ. ಇಬ್ಬರ ಜಗಳವೇ ನಿಮ್ಮ ಹಾಲ್‌ನ ಕುಣಿತ.

ಇನ್ನೊಂದು ತೊಂದರೆ ಲೋಡ್, ಅಂದರೆ ಡಿಮ್ಮರ್ ಮೇಲಿರುವ ಬಲ್ಬುಗಳ ಒಟ್ಟು ವ್ಯಾಟ್. ಟ್ರಯಾಕ್ ಆನ್ ಆಗಿಯೇ ಇರಬೇಕೆಂದರೆ ಅದರ ಮೂಲಕ ಒಂದಿಷ್ಟು ಕರೆಂಟ್ ಹರಿಯುತ್ತಲೇ ಇರಬೇಕು. 9 ವ್ಯಾಟ್ ಅದಕ್ಕೆ ಸಾಲದೆ ಹೋಗಬಹುದು. ಮೂಡಿಗೆರೆ ಕಡೆಯ ಒಂದು ಹೋಂಸ್ಟೇಯಲ್ಲಿ ಊಟದ ಹಾಲ್‌ಗೆ 60 ವ್ಯಾಟ್‌ನ ಆರು ಬಲ್ಬುಗಳಿದ್ದವು. ಅದೇ ಡಿಮ್ಮರ್‌ಗೆ ನಾನು ಆರು ಎಲ್‌ಇಡಿ ಹಾಕಿ ಬಂದೆ. 360 ವ್ಯಾಟ್ ಇದ್ದದ್ದು 54ಕ್ಕೆ ಇಳಿಯಿತು. ರಾತ್ರಿ ಊಟಕ್ಕೆ ಕೂತವರಿಗೆ ದೀಪ ಪಟಪಟ ಅಂದಿದೆ. ಮಾರನೇ ದಿನ ಮಳೆಯಲ್ಲಿ ಹೋಗಿ ಡಿಮ್ಮರ್ ಬದಲಾಯಿಸಿದೆ. ಆಗಲಿಲ್ಲ. ಮತ್ತೊಂದು ಹಾಕಿದೆ, ಅದೂ ಅಷ್ಟೇ. ಬಲ್ಬಿನ ಡಬ್ಬಿ ಓದಬೇಕು ಅಂತ ಹೊಳೆದದ್ದು ಮೂರನೇ ಸಲ! ‘ಡಿಮ್ಮಬಲ್’ ಅಲ್ಲ, ಅಂದರೆ ಡಿಮ್ಮರ್‌ನಿಂದ ಬೆಳಕು ಇಳಿಸಲು ಬರುವ ಬಲ್ಬ್ ಅಲ್ಲ ಅಂತ ಅದರ ಮೇಲೇ ಬರೆದಿತ್ತು. ಎರಡು ಡಿಮ್ಮರ್ ದುಡ್ಡು ನನ್ನ ಜೇಬಿನಿಂದಲೇ ಹೋಯಿತು.

ಹಾಗಾಗಿ ಮೊದಲು ಡಿಮ್ಮಬಲ್ ಅಂತ ಬರೆದಿರುವ ಬಲ್ಬ್ ತನ್ನಿ. ಅದರ ಡ್ರೈವರ್ ಅಲೆ ಎಷ್ಟು ಕತ್ತರಿಸಿದೆ ಅಂತ ನೋಡಿ, ಅದಕ್ಕೆ ತಕ್ಕ ಹಾಗೆ ಬೆಳಕು ಇಳಿಸುತ್ತದೆ. ಡಿಮ್ಮರ್ ಕೂಡ ಟ್ರೇಲಿಂಗ್ ಎಡ್ಜ್ ಮಾದರಿಯದ್ದಾದರೆ ಒಳ್ಳೇದು. ಅದು ಅಲೆಯ ಶುರುವಿನಲ್ಲಲ್ಲ, ಕೊನೆಯಲ್ಲಿ ಕತ್ತರಿಸುತ್ತದೆ. ಡ್ರೈವರ್‌ಗೆ ಒಮ್ಮೆಲೇ ಏಟು ಬೀಳುವುದಿಲ್ಲ, ಗುಂಯ್ ಅನ್ನುವ ಸದ್ದೂ ಕಡಿಮೆ. ಫ್ಯಾನ್ ರೆಗ್ಯುಲೇಟರನ್ನೇ ಬಲ್ಬಿಗೆ ಕೊಡುತ್ತೇನೆ ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ.

ಬಿಲ್ ಉಳಿಯುತ್ತದೆ. ಹಿಂದಿನ ದಪ್ಪ ಡಬ್ಬಿಯ ಫ್ಯಾನ್ ರೆಗ್ಯುಲೇಟರ್ ಇತ್ತಲ್ಲ, ಅದು ಉಳಿದ ಕರೆಂಟನ್ನು ಬಿಸಿ ಮಾಡಿ ಕಳೆಯುತ್ತಿತ್ತು. ಡಿಮ್ಮರ್ ಹಾಗೆ ಮಾಡುವುದಿಲ್ಲ. ಆದರೆ 9 ವ್ಯಾಟ್‌ನಲ್ಲಿ ಎಷ್ಟು ಉಳಿದೀತು ಹೇಳಿ!

ತಪ್ಪು ಯಾರದು ಅಂತ ತಿಳಿಯಲು ಒಂದು ಉಪಾಯ ಇದೆ. ಎಲ್‌ಇಡಿ ತೆಗೆದು ಅದೇ ಹೋಲ್ಡರ್‌ಗೆ 60 ವ್ಯಾಟ್‌ನ ಹಳೇ ಬಲ್ಬ್ ಹಾಕಿ ತಿರುಗಿಸಿ ನೋಡಿ. ಅದು ನಯವಾಗಿ ಏರಿ ಇಳಿದರೆ ಡಿಮ್ಮರ್, ವೈರಿಂಗ್ ಎರಡೂ ಕೆಟ್ಟಿಲ್ಲ, ಮೊದಲು ಬಲ್ಬ್ ಬದಲಿಸಿ ನೋಡಿ. ಅದೂ ಕುಣಿದರೆ ಎಂಸಿಬಿ ಆಫ್ ಮಾಡಿ, ನಿಮ್ಮ ಎಲೆಕ್ಟ್ರಿಷಿಯನ್‌ನ ಕರೆಸಿ ಬೋರ್ಡ್ ಬಿಚ್ಚಿಸಿ. ಎಲ್ಲೋ ವೈರ್ ಸಡಿಲ ಇರಬಹುದು.