ಯಾವ ಅದಿರು?

ನಮಸ್ಕಾರ,

ಕಾರವಾರದಿಂದ ನೀವು ಕಳಿಸಿದ 'ಚಿನ್ನ ತೆಗೆಯುವ ನಾಲ್ಕು ದಾರಿ' ಲೇಖನವನ್ನು ಎರಡು ಸಲ ಓದಿದೆ. ಭಾಷೆ ಸಲೀಸಾಗಿದೆ, ವಿಷಯವೂ ನಮ್ಮ ಓದುಗರಿಗೆ ಹೊಸದು. ಆದರೆ ಎರಡನೇ ಪುಟದ ಎರಡು ಸಾಲು ನಿನ್ನೆಯಿಂದ ತಲೆ ತಿನ್ನುತ್ತಿವೆ. ಅವೆರಡರ ಬಗ್ಗೆ ಮಾತ್ರ ಹೇಳುತ್ತೇನೆ.

'ಅದಿರನ್ನು ಸೈನೈಡ್‌ನಲ್ಲಿ ಕರಗಿಸಿ ಚಿನ್ನ ತೆಗೆಯುತ್ತಾರೆ' ಎಂದಿದ್ದೀರಿ. ಅದಿರು ಕರಗುವುದಿಲ್ಲ. ಕಲ್ಲು ಪುಡಿಯಾಗಿ ಹಾಗೇ ಉಳಿಯುತ್ತದೆ, ಅದಕ್ಕೇ ಅಲ್ವಾ ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿದ ಮೇಲೂ ಅಲ್ಲಿ ಸೈನೈಡ್ ದಿಬ್ಬಗಳು ನಿಂತಿರುವುದು? ಕಲ್ಲನ್ನು ನುಣ್ಣಗೆ ಅರೆದು, ತೀರಾ ತೆಳುವಾದ ಸೈನೈಡ್ ನೀರಿನಲ್ಲಿ ಕಲಕಿ, ಗಾಳಿ ಹಾಯಿಸಿದರೆ ಚಿನ್ನ ಕರಗಿ ನೀರಿಗೆ ಇಳಿಯುತ್ತದೆ. ಆಮೇಲೆ ಅದನ್ನು ಇದ್ದಿಲಿಗೆ ಅಂಟಿಸಿಯೋ ಸತುವಿನ ಪುಡಿ ಹಾಕಿಯೋ ಹಿಡಿಯುತ್ತಾರೆ. ಆ ಸೈನೈಡ್ ನೀರಿಗೆ ಹಾಕುವ ಸುಣ್ಣದ ಮಾತೇ ನಿಮ್ಮಲ್ಲಿಲ್ಲ. ಸುಣ್ಣ ಕಡಿಮೆಯಾದರೆ ವಿಷದ ಗಾಳಿ ಏಳುತ್ತದೆ, ಅಲ್ಲಿ ನಿಂತು ಕೆಲಸ ಮಾಡುವವರ ಜೀವದ ಪ್ರಶ್ನೆ ಅದು, ಬಿಡುವ ಹಾಗಿಲ್ಲ.

ಇನ್ನೊಂದು ಸಾಲು: 'ಸೈನೈಡ್ ವಿಧಾನವೇ ಎಲ್ಲಕ್ಕಿಂತ ಉತ್ತಮ.' ಯಾವ ಅದಿರಿಗೆ?

ನಾನು ಶಿರಸಿಯ ಒಂದು ಸಣ್ಣ ವಾರಪತ್ರಿಕೆಗೆ ಸೇರಿದ ಹೊಸದರಲ್ಲಿ 'ಅಡಿಕೆಯನ್ನು ಬೇಯಿಸಿ ಒಣಗಿಸುತ್ತಾರೆ' ಅಂತ ಬರೆದಿದ್ದೆ. ನಮ್ಮ ಹಿರಿಯ ಸಂಪಾದಕರು ಕೆಂಪು ಶಾಯಿಯಲ್ಲಿ 'ಯಾವ ಅಡಿಕೆ?' ಎಂದಷ್ಟೇ ಬರೆದು ವಾಪಸ್ ಕೊಟ್ಟರು. ಮರುದಿನ ಒಬ್ಬರ ತೋಟಕ್ಕೆ ಹೋಗಿ ಇಡೀ ದಿನ ಅಂಗಳದಲ್ಲಿ ಕೂತೆ. ಹಸಿ ಅಡಿಕೆ ಸುಲಿದು, ಚೊಗರಿನಲ್ಲಿ, ಅಂದರೆ ಹಿಂದೆ ಅಡಿಕೆ ಬೇಯಿಸಿ ಉಳಿದ ಕೆಂಪು ನೀರಿನಲ್ಲಿ, ಬೇಯಿಸಿ ಒಣಗಿಸಿದರೆ ಕೆಂಪಡಿಕೆ. ಹಣ್ಣಾದದ್ದನ್ನು ಸಿಪ್ಪೆಯ ಸಮೇತ ವಾರಗಟ್ಟಲೆ ಬಿಸಿಲಿಗೆ ಹಾಕಿ ಆಮೇಲೆ ಸುಲಿದರೆ ಚಾಲಿ. ಯಾವುದು ಉತ್ತಮ ಅಂತ ಅಲ್ಲಿ ಯಾರೂ ಕೇಳುವುದಿಲ್ಲ, ಕಾಯಿ ನೋಡಿ ಕೆಲಸ ಶುರು ಮಾಡುತ್ತಾರೆ. 'ಯಾವ ಅಡಿಕೆ?' ಎಂಬ ಆ ಎರಡು ಪದ ಇಷ್ಟು ವರ್ಷವಾದರೂ ನನ್ನ ಕಿವಿಯಲ್ಲಿವೆ.

ನಿಮ್ಮ ವಿಷಯವೂ ಹಾಗೇ. ಕೋಲಾರದ ಬೆಣಚುಕಲ್ಲಿನಲ್ಲಿ ಚಿನ್ನ ಬಿಡಿಯಾಗಿ ಜಾಸ್ತಿ ಇತ್ತು. ಕುಟ್ಟಿ, ಪಾದರಸಕ್ಕೆ ಹಿಡಿಸಿದರೇ ಸಾಕಷ್ಟು ಸಿಗುತ್ತಿತ್ತು, 1887ರಲ್ಲಿ ಗ್ಲಾಸ್ಗೋದಲ್ಲಿ ಕಂಡುಕೊಂಡ ಸೈನೈಡ್ ವಿಧಾನ ಬಂದ ಮೇಲೆ ಉಳಿದದ್ದೂ ಸಿಕ್ಕಿತು. ಆದರೆ ಗಂಧಕ, ಆರ್ಸೆನಿಕ್ ಇರುವ ಖನಿಜದ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಚಿನ್ನ ಸಿಕ್ಕಿಕೊಂಡಿದ್ದರೆ ಎಷ್ಟು ಅರೆದರೂ ಸೈನೈಡ್ ಅದನ್ನು ಮುಟ್ಟಲಾರದು. ಮೊದಲು ಹುರಿಯಬೇಕು, ಇಲ್ಲವೇ ಒತ್ತಡದಲ್ಲಿ ಆಮ್ಲಜನಕ ಕೊಡಬೇಕು, ಇಲ್ಲವೇ ಬ್ಯಾಕ್ಟೀರಿಯಾಕ್ಕೆ ತಿನ್ನಿಸಬೇಕು. ಅಮೆರಿಕದ ನೆವಾಡಾದ ಕೆಲವು ಅದಿರಿನಲ್ಲಂತೂ ಇಂಗಾಲವೇ ಇದ್ದು, ಕರಗಿದ ಚಿನ್ನವನ್ನು ಅದೇ ಮತ್ತೆ ಹೀರಿಕೊಂಡುಬಿಡುತ್ತದೆ.

ಆ ಪುಟವನ್ನು ಕಲ್ಲಿನಿಂದಲೇ ಶುರು ಮಾಡಿ, ವಿಧಾನ ಆಮೇಲೆ ಬರಲಿ. ಹುರಿಯುವಾಗ ಏಳುವ ಆರ್ಸೆನಿಕ್ ಹೊಗೆಯ ಬಗ್ಗೆಯೂ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ನಿಮಗೆ ನಾಲ್ಕು ಪುಟ ಇಟ್ಟಿದ್ದೇನೆ.